ಅರ್ಧಕ್ಕೆ ನಿಂತ ಕೌದಿಗಳಿಗೆ ಲಾಕ್‌ಡೌನ್‌ನಲ್ಲಿ ಸಿಕ್ಕ ಬಿಡುವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೇ ಮನೆಗಳಿಗೆ ಹೋದರೆ ಟ್ರಂಕಿನ ಮೇಲೋ, ಜೋಳದ ಚೀಲದ ಹಿಂದೋ, ಹಾಸಿಗೆ ಒಟ್ಟಿರೋ ಮೂಲೆಯಲ್ಲೋ ಒಂದು ಗಂಟು ಕಾಣುತ್ತೆ. ಹಳೆ ಸೀರೆಯಲ್ಲಿ ಬಿಗಿಯಾಗಿ ಕಟ್ಟಿದ ಗಂಟು. ಏನದು ಅಂತ ಕೇಳಿದರೆ, "ಕೌದಿಗಿ ಇಟ್ಟ ಅರಿವಿ" ಅಂತಾರೆ. ಅದರ ಪಕ್ಕದಲ್ಲೇ ಇನ್ನೊಂದು ಗಂಟು. ಅದೇನು? "ಅದು ಅರ್ಧಾ ಆಗೇತಿ, ಮುಗಸಬೇಕು."

ಈ 'ಮುಗಸಬೇಕು' ಅನ್ನೋ ಮಾತಿಗೆ ಕೆಲವು ಮನೆಗಳಲ್ಲಿ ಐದು ವರ್ಷ, ಕೆಲವು ಕಡೆ ಹದಿನೈದು ವರ್ಷ ವಯಸ್ಸು. ಗಂಟು ಮಾತ್ರ ಜಾಗ ಬಿಟ್ಟು ಕದಲೋದಿಲ್ಲ. ಪ್ರತಿ ಮಹಾನವಮಿಗೆ ಮನೆ ಸಾರಿಸುವಾಗ ಕೆಳಗೆ ಇಳಿಯುತ್ತೆ, ಧೂಳು ಕೊಡವಿಸಿಕೊಳ್ಳುತ್ತೆ, ಮತ್ತೆ ಮೇಲೇರುತ್ತೆ.

2020ರ ಮಾರ್ಚ್ 25, ಯುಗಾದಿ. ಅವತ್ತೇ ದೇಶದ ತುಂಬ 21 ದಿನಗಳ ಲಾಕ್‌ಡೌನ್ ಶುರುವಾಯಿತು. ಏಪ್ರಿಲ್ 14ಕ್ಕೆ ಮುಗಿಯಬೇಕಾದ್ದು ಮೇ 3ಕ್ಕೆ ಹೋಯಿತು, ಆಮೇಲೆ 17, ಆಮೇಲೆ 31. ಬೆಂಗಳೂರು, ಪುಣೆಯಿಂದ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದ ನಮ್ಮಂಥವರು ಮಾಳಿಗೆ ಮೇಲೆ ನೆಟ್‌ವರ್ಕ್ ಹುಡುಕುತ್ತಾ ಕೂತರೆ, ಕೆಳಗೆ ಅವ್ವಂದಿರು ಗಂಟು ಬಿಚ್ಚಿದರು. ನಮ್ಮ ಸಿಂದಗಿ ತಾಲೂಕಿನ ಮನೆಯಲ್ಲಿ ಅಂಥವು ಮೂರು ಸಿಕ್ಕವು. ಮೂರರದೂ ಬೇರೆ ಬೇರೆ ಕಥೆ. ಅದನ್ನ ಹೇಳೋಕೆ ಮುಂಚೆ, ಕೌದಿಯನ್ನು ಬರೀ 'ಪ್ಯಾಚ್‌ವರ್ಕ್ ಬೆಡ್‌ಶೀಟ್' ಅಂದುಕೊಂಡವರಿಗಾಗಿ ಒಂದೆರಡು ಮಾತು.

ಒಳಗೆ ಏನಿರುತ್ತೆ?

ಕೌದಿಗೆ ಮೂರು ಪದರ. ಕೆಳಗೆ ಒಂದು ಅಗಲವಾದ ಅರಿವೆ, ಸಾಮಾನ್ಯವಾಗಿ ಹಳೆ ಪತ್ತಲ ಅಥವಾ ಧೋತರ. ಮಧ್ಯೆ ತೀರಾ ಹಳೆಯದಾದ, ಆದರೆ ಇನ್ನೂ ಪಿಸಿಯದ ಬಟ್ಟೆಗಳು: ಅಂಗಿ, ಪರಕಾರ, ಟಾವೆಲ್, ಹರಿದ ದುಪಟಿ. ಮೇಲೆ ಬಣ್ಣದ ತುಂಡುಗಳು. ಇವಿಷ್ಟನ್ನೂ ಹಿಡಿದು ನಿಲ್ಲಿಸೋದು ಒಂದೇ ಒಂದು ಹೊಲಿಗೆ, ಸೂಜಿ ಕೆಳಗೆ ಹೋಗಿ ಮೇಲೆ ಬರುವ ಸಾದಾ ಹೊಲಿಗೆ. ಕೆಲವರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇಗಿಲ ಸಾಲು ಹೊಡೆದಂತೆ ಹೊಲೀತಾರೆ. ಇನ್ನು ಕೆಲವರು ನಾಲ್ಕೂ ದಡಿಯಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ.

ಮೇಲಿನ ತುಂಡುಗಳಲ್ಲಿ ಈ ಸೀಮೆಯ ಗುರುತು ಇರುತ್ತೆ. ಇಲಕಲ್ ಸೀರೆಯ ಕೆಂಪು ಟೋಪಿನ ಸೆರಗು ಬೇಗ ಹರಿಯೋದಿಲ್ಲ. ಸೀರೆಯ ಮೈ ಸವೆದು ಹೋದರೂ ಸೆರಗು ಉಳಿದು ಕೌದಿಯ ನಡುವೆ ಬಂದು ಕೂರುತ್ತೆ. ಗುಳೇದಗುಡ್ಡದ ಖಣದ ಕುಪ್ಪಸ ಬಿಗಿಯಾದ ಮೇಲೆ ಮೂಲೆಗೆ ಬರುತ್ತೆ. ಬಾಗಲಕೋಟೆ ಜಿಲ್ಲೆಯ ಈ ಎರಡೂ ಊರಿನ ನೇಯ್ಗೆ ನಮ್ಮ ಮನೆಗಳಲ್ಲಿ ಮೊದಲು ಮದುವೆಗೆ, ಆಮೇಲೆ ಹಬ್ಬಕ್ಕೆ, ಆಮೇಲೆ ಹೊಲಕ್ಕೆ, ಕೊನೆಗೆ ಹಾಸಿಗೆಗೆ. ಒಂದು ಬಟ್ಟೆಗೆ ಇಷ್ಟು ನೌಕರಿ.

ನಡುಬಿಸಿಲಿನ ಏಪ್ರಿಲ್‌ನಲ್ಲಿ ಕೌದಿ ಯಾಕೆ ಹೊಲೀತಾರೆ ಅಂತ ಕೇಳಬಹುದು. ಕಾರಣ ಸರಳ. ರಾಶಿ ಮುಗಿದಿರುತ್ತೆ, ಹೊಲದ ಕೆಲಸ ಕಡಿಮೆ, ಅರಿವೆ ಒಗೆದು ಹಾಕಿದರೆ ಒಂದು ತಾಸಿನಲ್ಲಿ ಗರಗರ ಒಣಗುತ್ತೆ. ಜೊತೆಗೆ ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ ಮಲಗೋರಿಗೆ ಬೆನ್ನ ಕೆಳಗೆ ಅದೇ ಬೇಕು. ಮಳೆ ಶುರುವಾದರೆ ಹೆಂಗಸರು ಹೊಲಕ್ಕೆ, ಕೌದಿ ಮತ್ತೆ ಗಂಟಿಗೆ. ಅರ್ಧಕ್ಕೆ ನಿಲ್ಲೋಕೆ ಮೊದಲ ಕಾರಣವೇ ಇದು. ಎರಡನೆಯದು ಮನೆಯಲ್ಲಿ ಬಾಣಂತನ ಅಥವಾ ಮದುವೆ. ಮೂರನೆಯದು ಹೊಲಿಯುವ ಕೈಯೇ ಇಲ್ಲದಾಗೋದು.

ಮೊದಲನೆಯದು: ತೊಟ್ಟಿಲ ಕೌದಿ

ನಮ್ಮ ಮೂರರಲ್ಲಿ ಸಣ್ಣದು ಇದು. ಮುದ್ದೇಬಿಹಾಳಕ್ಕೆ ಕೊಟ್ಟ ನಮ್ಮಕ್ಕನ ಮಗಳಿಗಾಗಿ ಶುರು ಮಾಡಿದ್ದು. ಕೂಸು ತೊಟ್ಟಿಲು ಬಿಟ್ಟು, ಸ್ಕೂಲ್ ಬ್ಯಾಗ್ ಹಾಕಿಕೊಂಡು, ಆನ್‌ಲೈನ್ ಕ್ಲಾಸಿಗೆ ಫೋನ್ ಕಿತ್ತುಕೊಳ್ಳುವಷ್ಟು ದೊಡ್ಡದಾದರೂ ಕೌದಿ ಮಾತ್ರ ಮುಕ್ಕಾಲಿಗೇ ನಿಂತಿತ್ತು.

ವಿಡಿಯೋ ಕಾಲ್‌ನಲ್ಲಿ ತೋರಿಸಿದೆವು. ಅಕ್ಕ ನಕ್ಕಳು. ಮಗಳಂತೂ "ಇದು ನನ್ನ ಗೊಂಬಿಗೂ ಸಣ್ಣದಾಗ್ತದ" ಅಂದುಬಿಟ್ಟಳು. ಹಾಗಂತ ಬಿಡೋ ಹಾಗಿರಲಿಲ್ಲ. ಅದೇ ಏಪ್ರಿಲ್‌ನಲ್ಲಿ ನಮ್ಮ ಓಣಿಯಲ್ಲೊಂದು ಹೆರಿಗೆ ಆಗಿತ್ತು. ಅರಿವೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಕೂಸಿಗೆ ಹಾಸೋಕೆ ಸರಿಯಾದ ಮೆತ್ತನೆ ಹಾಸಿಗೆ ಇರಲಿಲ್ಲ. ಉಳಿದ ಕಾಲು ಭಾಗ ನಾಲ್ಕು ಮಧ್ಯಾಹ್ನಗಳಲ್ಲಿ ಮುಗೀತು. ಎರಡು ಸಲ ಬಿಸಿನೀರಲ್ಲಿ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಬಾಗಿಲ ಹೊರಗೆ ಇಟ್ಟು ಬಂದಳು ಅವ್ವ. ಒಳಗೆ ಹೋಗೋ ಕಾಲ ಅದಲ್ಲ.

ಕೂಸಿಗೆ ಹಳೆ ಅರಿವೆಯೇ ಯಾಕೆ ಅಂದರೆ, ನೂರಾರು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿ ಇರೋದಿಲ್ಲ, ಚುಚ್ಚೋ ಎಳೆ ಇರೋದಿಲ್ಲ, ಬಿಡೋ ಬಣ್ಣ ಎಲ್ಲ ಬಿಟ್ಟಾಗಿರುತ್ತೆ. ನಮ್ಮ ಕಡೆ ಕುಂಚಿಗೆಯಿಂದ ತೊಟ್ಟಿಲವರೆಗೆ ಹಳೆ ಸೀರೆಯನ್ನೇ ಹುಡುಕೋದು ಬಡತನಕ್ಕಷ್ಟೇ ಅಲ್ಲ.

ಎರಡನೆಯದು: ಆಯಿಯ ಕೌದಿ

ಇದು ದೊಡ್ಡದು, ತೂಕದ್ದು. ಆಯಿ ತೀರಿಕೊಳ್ಳುವ ಎರಡು ವರ್ಷ ಮೊದಲು ಶುರು ಮಾಡಿದ್ದು. ಬಿಚ್ಚಿ ನೆಲದ ಮೇಲೆ ಹಾಸಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಮೊದಲ ಅರ್ಧದ ಹೊಲಿಗೆ ದಾರ ಹಿಡಿದು ಅಳೆದಂತೆ ನೆಟ್ಟಗೆ, ಒಂದೊಂದು ಸಾಲಿನ ನಡುವೆ ಸರಿಯಾಗಿ ಒಂದು ಬೆರಳಿನ ಅಂತರ. ಆಮೇಲೆ ಸಾಲು ಸ್ವಲ್ಪ ಸ್ವಲ್ಪ ಓರೆ. ಕೊನೆಯ ಹತ್ತು ಸಾಲುಗಳಂತೂ ಎತ್ತೆತ್ತಲೋ ಹೋಗಿದ್ದವು, ಕೆಲವು ಕಡೆ ಅಂಗೈ ಅಗಲ ಖಾಲಿ. ಕಣ್ಣಿಗೆ ಪೊರೆ ಬರುತ್ತಾ ಬರುತ್ತಾ ಆಯಿ ಹೊಲಿದ ಸಾಲುಗಳವು. ಆಸ್ಪತ್ರೆಯ ಕಾಗದದಲ್ಲಿ ಬರೆಯದ್ದು ಇಲ್ಲಿ ಬರೆದಂತಿತ್ತು.

ಅವ್ವ ಲೆಕ್ಕದ ಮನುಷ್ಯಳು. "ಓರೆ ಆದಷ್ಟು ಬಿಚ್ಚಿ ಹೊಲದ್ರ ಚೊಲೋ ಬರ್ತದ. ಹಿಂಗs ಬಿಟ್ರ ಒಳಗಿನ ಅರಿವಿ ಒಂದ್ ಕಡೆ ಮುದ್ದಿಯಾಗಿ ಕೂಡ್ತದ" ಅಂದಳು. ಅದು ಸುಳ್ಳಲ್ಲ. ಸಾಲು ದೂರ ದೂರ ಆದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಮಧ್ಯದ ಪದರ ಸರಿದು ಗಂಟಾಗುತ್ತೆ. ಮಲಗಿದರೆ ಪಕ್ಕೆಗೆ ಒತ್ತುತ್ತೆ.

ಆದರೆ ಬಸವನ ಬಾಗೇವಾಡಿಯಲ್ಲಿರುವ ನಮ್ಮ ಅತ್ತಿ, ಅಂದರೆ ಆಯಿಯ ಮಗಳು, ಫೋನ್‌ನಲ್ಲೇ ದನಿ ಏರಿಸಿದಳು. "ವೈನಿ, ನಮ್ಮವ್ವನ ಹೊಲಿಗಿ ಒಂದ್ ಎಳಿನೂ ಬಿಚ್ಚಬ್ಯಾಡ್ರಿ. ಮುದ್ದಿ ಆದ್ರ ಆಗ್ಲಿ. ನಿಮಗ ಬ್ಯಾಡ ಅಂದ್ರ ನನಗ ಕೊಡ್ರಿ, ನಾ ಹಾಸ್ಕೊಂತೀನಿ."

"ಬ್ಯಾಡ ಅಂತ ಯಾರ ಅಂದ್ರು?" ಅವ್ವನ ಮುಖ ಕೆಂಪಾಯಿತು. "ಇಪ್ಪತ್ತೈದ್ ವರ್ಷ ಆಕಿ ಕೂಡ ಇದ್ದಾಕಿ ನಾ."

ಅವತ್ತು ಸಂಜೆಯವರೆಗೆ ಮನೆಯಲ್ಲಿ ಮಾತು ಕಡಿಮೆ. ಮಗಳಿಗೂ ಸೊಸೆಗೂ ಒಂದೇ ಮುದುಕಿ ಮೇಲೆ ಬೇರೆ ಬೇರೆ ಹಕ್ಕು. ಅದನ್ನ ಯಾವ ಕಾಗದದಲ್ಲೂ ಪಾಲು ಮಾಡೋಕೆ ಆಗೋದಿಲ್ಲ. ಲಾಕ್‌ಡೌನ್ ಇಲ್ಲದಿದ್ದರೆ ಅತ್ತಿ ಬಸ್ ಹತ್ತಿ ಬಂದು ಎದುರಿಗೆ ಕೂತು ಜಗಳ ಆಡಿ, ಊಟ ಮಾಡಿ ಹೋಗಿರುತ್ತಿದ್ದಳು. ಫೋನ್‌ನಲ್ಲಿ ಜಗಳ ಆಡಿದರೆ ಊಟದ ಭಾಗ ಇರೋದಿಲ್ಲ.

ಎರಡು ದಿನ ಬಿಟ್ಟು ಅವ್ವನೇ ದಾರಿ ಹುಡುಕಿದಳು. ಆಯಿಯ ಸಾಲು ಒಂದನ್ನೂ ಬಿಚ್ಚಲಿಲ್ಲ. ಎರಡು ಓರೆ ಸಾಲುಗಳ ನಡುವೆ ಖಾಲಿ ಬಿದ್ದ ಕಡೆ ಹೊಸ ಸಾಲು ಸೇರಿಸಿದಳು. ಆಯಿಯದು ಕೆಂಪು ದಾರ, ಅವ್ವನದು ಬಿಳಿ. ಬಿಳಿ ದಾರ ಬಂದಿದ್ದೂ ಆಸೆಗಲ್ಲ. ಅಂಗಡಿ ಬಂದ್ ಇದ್ದಾಗ ಗೊಬ್ಬರದ ಚೀಲ, ಹಿಂಡಿ ಚೀಲದ ಬಾಯಿ ಹೊಲಿದಿರುವ ದಾರವನ್ನ ಒಂದು ತುದಿ ಹಿಡಿದು ಸರ್ರನೆ ಎಳೆದು, ತೊಳೆದು, ಸುತ್ತಿ ಇಟ್ಟುಕೊಂಡಿದ್ದು. ಅದು ಗಟ್ಟಿ ದಾರ, ಬೇಗ ಹರಿಯೋದಿಲ್ಲ.

ಒಂದು ಕಡೆ ಮೇಲಿನ ತುಂಡು ಹರಿದಿತ್ತು. ಅಲ್ಲಿ ಇಣುಕಿದರೆ ಒಳಗೆ ಮುತ್ಯಾನ ಧೋತರ, ಅದರ ಕೆಳಗೆ ನನ್ನ ಹೈಸ್ಕೂಲಿನ ನೀಲಿ ಯೂನಿಫಾರ್ಮ್. ನಾನು ಹಾಕಿಕೊಂಡಿದ್ದು ಅಲ್ಲಿಗೆ ಹೋಗಿದೆ ಅಂತ ನನಗೇ ಗೊತ್ತಿರಲಿಲ್ಲ. ಟೀಮ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಹಾಕಿ ನಾನೂ ನಾಲ್ಕು ಸಾಲು ಹೊಲಿದೆ. ನನ್ನ ಸಾಲು ಆಯಿಯ ಕೊನೆಯ ಸಾಲಿಗಿಂತ ಓರೆ ಅಂತ ಅವ್ವನ ತೀರ್ಪು.

ಕೊನೆಯ ಸಾಲು ಮುಚ್ಚುವ ಮೊದಲು ನಮ್ಮ ಮನೆಯಲ್ಲಿ ಒಳಗೆ ನಾಲ್ಕು ಕಾಳು ಜೋಳ ಹಾಕೋ ರೂಢಿ ಇದೆ. ಕೌದಿ ಹಸಿದಿರಬಾರದು ಅಂತ. ಆ ಕಾಳು ಹಾಕುವಾಗ ಅವ್ವ ಬಾಗೇವಾಡಿಗೆ ವಿಡಿಯೋ ಕಾಲ್ ಮಾಡಿಸಿದಳು. ಅತ್ತಿ ಏನೂ ಮಾತಾಡಲಿಲ್ಲ, ನೋಡುತ್ತಾ ಕೂತಿದ್ದಳು. ಅವತ್ತು ಏಪ್ರಿಲ್ 26, ಬಸವ ಜಯಂತಿ. ಪ್ರತಿ ವರ್ಷ ಜನ ತುಂಬುವ ಬಾಗೇವಾಡಿಯ ಬೀದಿ ಖಾಲಿ ಇದೆ ಅಂತ ಆಮೇಲೆ ಹೇಳಿದಳು.

ಮೂರನೆಯದು: ನಾವು ಮುಗಿಸದೇ ಬಿಟ್ಟಿದ್ದು

ಇದರ ಕಥೆಯೇ ಬೇರೆ. ಈ ಕೌದಿ ಹೊಲಿಯೋಕೆ ಹಚ್ಚಿದ್ದು ಇಂಡಿ ಕಡೆಯ ಒಬ್ಬ ಗೊಂದಲಿಗರ ಹೆಣ್ಣುಮಗಳಿಗೆ.

ಗೊಂದಲಿಗರು ಅಂದರೆ ಅಂಬಾಭವಾನಿಯ ಭಕ್ತರು. ಮದುವೆ, ಹರಕೆಯ ಮನೆಗಳಲ್ಲಿ ಗಂಡಸರು ಸಂಬಾಳ, ತುಂತುಣಿ ಹಿಡಿದು ರಾತ್ರಿಯಿಡೀ ದೇವಿಯ ಕಥೆ ಹಾಡುತ್ತಾರೆ, ಅದಕ್ಕೇ 'ಗೊಂದಲ ಹಾಕಿಸೋದು' ಅಂತಾರೆ. ಈ ಸಮುದಾಯದ ಹೆಣ್ಣುಮಕ್ಕಳು ಉತ್ತರ ಕರ್ನಾಟಕದ ಊರೂರು ತಿರುಗಿ ಮನೆಮನೆಗೆ ಕೌದಿ ಹೊಲಿದು ಕೊಡುತ್ತಾರೆ. ಅರಿವೆ, ದಾರ ಮನೆಯವರದು, ಕೈ ಅವರದು. ಕೂಲಿ ಅಂದರೆ ರೊಕ್ಕ, ಅದರ ಜೊತೆ ಒಂದಿಷ್ಟು ಜೋಳ, ಒಂದು ಹಳೆ ಸೀರೆ, ಮಧ್ಯಾಹ್ನದ ರೊಟ್ಟಿ. ಕಟ್ಟೆಯ ಮೇಲೆ ಕೌದಿ ಹಾಸಿ, ಅದರ ಮೇಲೇ ಕೂತು, ಕಾಲಿನಿಂದ ಬಿಗಿ ಹಿಡಿದು ಸರಸರ ಸೂಜಿ ಓಡಿಸೋ ಅವರ ವೇಗ ಮನೆಯ ಹೆಂಗಸರಿಗೆ ಬರೋದಿಲ್ಲ.

ಮಾರ್ಚ್ ಮೂರನೇ ವಾರದಲ್ಲಿ ಆಕೆ ಅರ್ಧ ಹೊಲಿದು, "ಹಬ್ಬ ಮುಗಿಸ್ಕೊಂಡ್ ಬರ್ತೀನಿ" ಅಂತ ಊರಿಗೆ ಹೋಗಿದ್ದಳು. ಹಬ್ಬದ ದಿನವೇ ದೇಶ ಬಂದ್ ಆಯಿತು.

ಮೇ ತಿಂಗಳಲ್ಲಿ ಬೇರೆ ಎರಡು ಮುಗಿದ ಮೇಲೆ ನಾನು, "ಇದನ್ನೂ ನಾವೇ ಮುಗಿಸಿಬಿಡೋಣಲ್ಲ" ಅಂದೆ. ಅವ್ವ ಸೂಜಿ ಕೆಳಗಿಟ್ಟಳು.

"ಅದು ಆಕಿ ಕೂಲಿ. ನಾವು ಹೊಲದ್ರ ಆಕಿ ಬಂದ್ ಏನ್ ಹೊಲೀಬೇಕು?"

ಇದು ನನಗೆ ಹೊಳೆದಿರಲಿಲ್ಲ. ಮನೆಯಲ್ಲಿ ಬಿಡುವಾಗಿ ಕೂತವರು 'ಪೆಂಡಿಂಗ್ ಕೆಲಸ' ಮುಗಿಸಿದ ಖುಷಿಯಲ್ಲಿರುವಾಗ, ಅದೇ ಕೆಲಸ ಇನ್ನೊಬ್ಬರ ಹೊಟ್ಟೆಯದು ಆಗಿರಬಹುದು. ಏಪ್ರಿಲ್, ಮೇ ಗೊಂದಲಿಗರಿಗೆ ಎರಡು ಕೈಯಲ್ಲೂ ಕೆಲಸ ಇರುವ ತಿಂಗಳು. ಗಂಡಸರಿಗೆ ಮದುವೆ, ಜಾತ್ರೆ, ಹೆಂಗಸರಿಗೆ ಕೌದಿ. 2020ರಲ್ಲಿ ಜಾತ್ರೆಗಳು ನಿಂತವು, ಮದುವೆಗೆ 50 ಜನರ ಮಿತಿ ಬಂತು, ಹಾಡಿಸೋರಿಲ್ಲ. ಪರ ಊರಿನವರು ಕಟ್ಟೆಗೆ ಬಂದು ಕೂರೋದನ್ನ ಯಾರೂ ಒಪ್ಪುತ್ತಿರಲಿಲ್ಲ. ಎರಡೂ ಕಡೆಯಿಂದ ಗಳಿಕೆ ಹೋಯಿತು. ಮರುವರ್ಷ, 2021ರಲ್ಲಿ, ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ರಾಜ್ಯದ ಎರಡನೇ ಲಾಕ್‌ಡೌನ್. ಮತ್ತದೇ ತಿಂಗಳು.

ಆಕೆಯ ಮಗನ ನಂಬರ್ ನಮ್ಮಲ್ಲಿತ್ತು. ಅವ್ವ ಫೋನ್ ಮಾಡಿಸಿ ಮಾತಾಡಿದಳು. ಉಳಿದ ಕೂಲಿಯನ್ನ ನಾನು ಫೋನ್‌ಪೇ ಮಾಡಿದೆ. ಹಾಲಿನ ಗಾಡಿ ಓಡಾಡುತ್ತಿತ್ತು, ಅದರಲ್ಲಿ ಅರ್ಧ ಚೀಲ ಜೋಳ ಹೋಯಿತು. ಕೆಲಸ ಆಗೋ ಮೊದಲೇ ಕೂಲಿ ತಗೊಳ್ಳೋಕೆ ಆಕೆಗೆ ಸಂಕೋಚ. ಆಕೆ ಕೇಳಿದ್ದು ಒಂದೇ ಮಾತು: "ನನ್ನ ಸೂಜಿ ಅದರಾಗs ಚುಚ್ಚಿ ಬಂದೀನ್ರಿ ಅಕ್ಕಾರ. ತುಕ್ಕ ಹಿಡಿತೈತಿ. ತೆಗದ್ ಎಣ್ಣಿ ಹಚ್ಚಿ ಇಡ್ರಿ."

ಮುಂದಿನ ಚಳಿಗಾಲ, ಓಡಾಟ ಸಲೀಸಾದ ಮೇಲೆ, ಆಕೆ ಬಂದಳು. ಎಣ್ಣೆ ಹಚ್ಚಿಟ್ಟ ಸೂಜಿ ತೆಗೆದುಕೊಂಡು, ನಾಲ್ಕು ದಿನದಲ್ಲಿ ಮುಗಿಸಿದಳು. ಹೋಗುವಾಗ ಓಣಿಯ ಇನ್ನೆರಡು ಮನೆಯ ಗಂಟು ಬಿಚ್ಚಿಸಿಕೊಂಡಳು.

ಗಂಟು ಹೊತ್ತು ಹೋದವರು

ನಮ್ಮ ಈ ನಾಲ್ಕು ತಾಲೂಕುಗಳಿಂದ ದುಡಿಯೋಕೆ ಹೊರಗೆ ಹೋಗೋದು ಹೊಸದಲ್ಲ. ಮುಂಬೈ, ಪುಣೆ, ಗೋವಾ, ಮಂಗಳೂರು, ಬೆಂಗಳೂರು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಮಳೆ ನಂಬಿದ ಎರಿ ಹೊಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಬೀಳುತ್ತೆ. ಹೀಗೆ ಹೋಗೋರ ಗಂಟಿನಲ್ಲಿ ಪಾತ್ರೆ, ಹಿಟ್ಟು, ಖಾರದ ಪುಡಿ ಜೊತೆ ಒಂದು ಕೌದಿ. ಕಟ್ಟಡದ ಕೆಲಸದ ಜಾಗದಲ್ಲಿ, ತಗಡಿನ ಶೆಡ್‌ನಲ್ಲಿ, ಹಸಿ ಸಿಮೆಂಟಿನ ನೆಲಕ್ಕೆ ಅದೇ ಹಾಸಿಗೆ, ಅದೇ ಹೊದಿಕೆ, ಬಾಗಿಲಿಗೆ ಅದೇ ಪರದೆ.

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರ, ಗೋವಾ ಕಡೆಯಿಂದ ವಾಪಸ್ ಬಂದವರನ್ನ ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿದಾಗ ಕ್ಲಾಸ್‌ರೂಮಿನ ನೆಲದ ಮೇಲೆ ಹಾಸಿದ್ದು ಇವೇ ಕೌದಿಗಳನ್ನ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ನಮಗೆ ಗಾದೆ ಹೇಳಿಕೊಟ್ಟಿದ್ದಾರೆ. ಹಾಸಿಗೆಯನ್ನೇ ಹೊತ್ತು ತಿರುಗೋರಿಗೆ ಆ ಗಾದೆಯಿಂದ ಏನೂ ಉಪಯೋಗ ಇಲ್ಲ.

ಬೇರೆ ಊರಿನ ಕೌದಿಗಳು

ನೀವು ಇನ್‌ಸ್ಟಾಗ್ರಾಮ್‌ನಲ್ಲಿ ಕ್ವಿಲ್ಟಿಂಗ್ ವಿಡಿಯೋ ನೋಡೋರಾದರೆ 'ಯುಎಫ್‌ಒ' ಅನ್ನೋ ಶಬ್ದ ಕಂಡಿರಬಹುದು. ಹಾರುವ ತಟ್ಟೆಯಲ್ಲ. ಶುರು ಮಾಡಿ ಮುಗಿಸದ ಕೌದಿಗೆ ಅಮೆರಿಕದ ಹೆಂಗಸರು ಇಟ್ಟ ತಮಾಷೆಯ ಹೆಸರು. ಅಂದರೆ ಗಂಟು ಎಲ್ಲ ಕಡೆಯೂ ಇದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ ಒಂದು ಸಣ್ಣ ಊರು. ಅಲ್ಲಿನ ಕಪ್ಪು ಜನಾಂಗದ ಹೆಣ್ಣುಮಕ್ಕಳು ಹಳೆ ಪ್ಯಾಂಟು, ಹೊಲದಲ್ಲಿ ಹಾಕಿದ ಅಂಗಿಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿ ಮೇಲೂ ಬಂದವು.

ನಮ್ಮ ರಾಜ್ಯದಲ್ಲೇ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು 'ಕವಂದಿ' ಹೊಲೀತಾರೆ. ಅದು ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರುತ್ತೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ 'ಫೂಲ' ಕೂರಿಸಿದರೇ ಅದು ಪೂರ್ತಿ ಆದಂತೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಈ ಕೌದಿಗಳ ಬಗ್ಗೆ ಅಧ್ಯಯನ ಮಾಡಿ ಬರೆದರು. 2004ರಲ್ಲಿ ಸಿದ್ದಿ ಹೆಣ್ಣುಮಕ್ಕಳ ಕೌದಿ ಸಹಕಾರ ಸಂಘವೂ ಶುರುವಾಯಿತು.

ನಮ್ಮ ವಿಜಯಪುರ ಸೀಮೆಗೆ ಇಂಥ ಭಾಗ್ಯ ಹಾಡಿಗೆ ಸಿಕ್ಕಿತು. ಹಿಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದುದನ್ನ ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಬೀಸುವ ಕಲ್ಲು ಹೋದರೂ ಹಾಡು ಉಳಿಯಿತು. ಅದೇ ಹೆಂಗಸರು ಮಧ್ಯಾಹ್ನ ಹೊಲಿದ ಕೌದಿಗಳನ್ನ ಯಾರೂ ಕೂಡಿಸಿ ಇಡಲಿಲ್ಲ. ಕೌದಿಯ ಗುಣವೂ ಹಾಗೇ. ಹಳೆಯದಾದ ಕೌದಿ ಹೊಸ ಕೌದಿಯ ಹೊಟ್ಟೆಗೆ ಹೋಗುತ್ತೆ.

ನಿಮ್ಮ ಮನೆಯ ಗಂಟು ಬಿಚ್ಚೋದಾದರೆ

ಕೆಲಸ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಗೆ ಎರಡು ಸೆಂಟಿಮೀಟರ್‌ಗೆ ಒಂದು ಸಾಲಿನಂತೆ ಉದ್ದಕ್ಕೆ ಹೊಲಿದರೆ ಸುಮಾರು 60 ಸಾಲು. ಅಂದರೆ 110 ಮೀಟರ್ ಹೊಲಿಗೆ. ಒಂದು ಸೆಂಟಿಮೀಟರ್‌ಗೆ ಒಂದು ಹೊಲಿಗೆ ಅಂದರೂ 11,000 ಹೊಲಿಗೆ. ನಿಮಿಷಕ್ಕೆ ಹತ್ತು ಹಾಕಿದರೆ 18 ತಾಸು. ದಿನಕ್ಕೆ ಎರಡು ತಾಸು ಕೂತರೆ ಒಂಬತ್ತು ದಿನ. ಅರ್ಧ ಆಗಿರೋದಕ್ಕೆ ಇದರ ಅರ್ಧ ಸಾಕು. ಒಂದು ವೆಬ್ ಸೀರೀಸ್ ಮುಗಿಸುವ ಹೊತ್ತು.

ಮೊದಲು ಬಿಸಿಲು. ಗಂಟು ಬಿಚ್ಚಿ ಒಂದು ಪೂರ್ತಿ ದಿನ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿಯಿರಿ. ಒಳಗೆ ಹುಳ, ಇಲಿ ಕಚ್ಚಿದ್ದು ಇದ್ದರೆ ಆಗಲೇ ಗೊತ್ತಾಗುತ್ತೆ.

ಎಳೆದು ನೋಡಿ. ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಸ್ವಲ್ಪ ಜಗ್ಗಿ. ಪರ್ ಅಂತ ಹರಿದರೆ ಅದು ನೆಲ ಒರೆಸೋಕೆ, ಕೌದಿಗಲ್ಲ. ಮೇಲಿನ ತುಂಡು ಮಾತ್ರ ಪಿಸಿದಿದ್ದರೆ ಅದನ್ನ ಬಿಚ್ಚದೆ ಅದರ ಮೇಲೇ ಇನ್ನೊಂದು ತುಂಡು ಇಟ್ಟು ಹೊಲಿಯಿರಿ.

ಬಣ್ಣ ಬಿಡುತ್ತಾ ನೋಡಿ. ಹೊಸದಾಗಿ ಸೇರಿಸೋ ಬಟ್ಟೆಗೆ ಒದ್ದೆ ಮಾಡಿದ ಬಿಳಿ ಅರಿವೆ ತಿಕ್ಕಿ. ಬಣ್ಣ ಹತ್ತಿದರೆ ಎರಡು ಮೂರು ಸಲ ಒಗೆದ ಮೇಲೆ ಬಳಸಿ. ಒಗೆಯದ ಹೊಸ ಹತ್ತಿ ಬಟ್ಟೆ ಆಮೇಲೆ ಕುಗ್ಗಿ ಪಕ್ಕದ ತುಂಡನ್ನ ಎಳೆಯುತ್ತೆ.

ನೈಲಾನ್, ಪಾಲಿಯೆಸ್ಟರ್ ಸೀರೆ ಬೇಡ. ಜಾರುತ್ತೆ, ಬೇಸಿಗೆಯಲ್ಲಿ ಬೆವರು ಹೀರೋದಿಲ್ಲ. ಹತ್ತಿಯೇ ಇರಲಿ. ಕಾಟನ್ ಕುರ್ತಾ, ಲುಂಗಿ, ಹಳೆ ಬೆಡ್‌ಶೀಟ್ ಎಲ್ಲ ನಡೆಯುತ್ತೆ. ನಿಮ್ಮ ಆಫೀಸಿನ ಟೀಶರ್ಟ್ ಮೆತ್ತಗಿರುತ್ತೆ ನಿಜ, ಆದರೆ ಹಿಗ್ಗುತ್ತೆ. ಅದು ಮಧ್ಯದ ಪದರಕ್ಕೆ ಸಾಕು.

ಮೊದಲು ಕಚ್ಚಾ ಹೊಲಿಗೆ. ನೆಲದ ಮೇಲೆ ನಾಲ್ಕೂ ಮೂಲೆ ಬಿಗಿಯಾಗಿ ಹಾಸಿ, ಒಂದು ಗೇಣಿಗೆ ಒಂದರಂತೆ ಉದ್ದುದ್ದ ಟಾಕು ಹಾಕಿಕೊಳ್ಳಿ. ಪದರ ಸರಿಯೋದಿಲ್ಲ. ಕೌದಿ ಮುಗಿದ ಮೇಲೆ ಈ ದಾರ ಎಳೆದು ತೆಗೆಯಿರಿ.

ಹಳೆ ಹೊಲಿಗೆ ನಿಂತ ಜಾಗದಲ್ಲೇ ಶುರು ಮಾಡಬೇಡಿ. ನಾಲ್ಕು ಬೆರಳು ಹಿಂದಿನಿಂದ ಹಳೆ ಸಾಲಿನ ಪಕ್ಕಕ್ಕೇ ಹೊಲಿದುಕೊಂಡು ಬನ್ನಿ. ಇಲ್ಲದಿದ್ದರೆ ಹಳೆ ದಾರದ ತುದಿ ಮೊದಲ ಒಗೆತದಲ್ಲೇ ಬಿಚ್ಚಿಕೊಳ್ಳುತ್ತೆ.

ದಾರ ಒಂದು ಮೊಳ ಎರಡು ಮೊಳಕ್ಕಿಂತ ಉದ್ದ ಬೇಡ. ಉದ್ದ ಆದಷ್ಟೂ ಗಂಟು ಬೀಳುತ್ತೆ. ಜೇನು ಮೇಣ ಇದ್ದರೆ ದಾರಕ್ಕೆ ಒಮ್ಮೆ ಎಳೆಯಿರಿ. ಟೇಲರ್‌ಗಳು ಬೆರಳಿಗೆ ಹಾಕೋ ಲೋಹದ ಟೊಪ್ಪಿಗೆ ತಗೊಂಡರೆ ಮರುದಿನ ಕೀಬೋರ್ಡ್ ಮುಟ್ಟೋಕೆ ಬೆರಳು ಉಳಿಯುತ್ತೆ.

ಒಗೆಯುವಾಗ ಮಷಿನ್‌ಗೆ ಹಾಕಬೇಡಿ. ಐದಾರು ಸೀರೆ ಸೇರಿದ ಕೌದಿ ಒಣಗಿದ್ದಾಗಲೇ ಮೂರು ಕೆಜಿ ಹತ್ತಿರ ಇರುತ್ತೆ, ನೀರು ಕುಡಿದರೆ ಇಬ್ಬರು ಎತ್ತಬೇಕು. ಅದಕ್ಕೇ ನಮ್ಮಲ್ಲಿ ಮಹಾನವಮಿಯ ಮುಂಚೆ ಇಡೀ ಓಣಿ ಹಾಸಿಗೆ ಹೊತ್ತು ಹಳ್ಳಕ್ಕೆ, ಕಾಲುವೆಗೆ ಹೋಗೋದು. ನಗರದಲ್ಲಿ ಬಚ್ಚಲಲ್ಲಿ ನೆನೆಹಾಕಿ, ಕಾಲಲ್ಲಿ ತುಳಿದು, ಹಿಂಡದೆ ಗೋಡೆ ಮೇಲೆ ಬಸಿಯೋಕೆ ಬಿಡಿ.

ನಾವೇ ಹೊಲೀಬೇಕಾ, ಹೊಲಿಸಬೇಕಾ?

ಇದು ಪ್ರತಿ ಗಂಟಿಗೂ ಬೇರೆ. ಮನೆಯವರ ಕೈಯಲ್ಲಿ ನಿಂತಿದ್ದು, ಅದನ್ನ ಮನೆಯವರೇ ಮುಗಿಸೋದು ಚೆಂದ. ದಾರದ ಬಣ್ಣ ಬೇರೆ ಆದರೂ ಪರವಾಗಿಲ್ಲ, ಯಾರದು ಎಲ್ಲಿಯವರೆಗೆ ಅಂತ ಗೊತ್ತಾಗುತ್ತೆ. ಆದರೆ ಟ್ರಂಕಿನ ಮೇಲೆ ಬರೀ ಅರಿವೆಯ ಗಂಟು ಇದ್ದು, ಹೊಲಿಯೋಕೆ ಯಾರಿಗೂ ಪುರಸೊತ್ತಿಲ್ಲದಿದ್ದರೆ, ಅದನ್ನ ಪಾತ್ರೆ ಮಾರೋರಿಗೆ ಒಂದು ಸ್ಟೀಲ್ ಡಬ್ಬಿಗಾಗಿ ಕೊಡೋ ಮುಂಚೆ ಒಮ್ಮೆ ಯೋಚಿಸಿ. ಊರಿಗೆ ಗೊಂದಲಿಗರ ಹೆಣ್ಣುಮಕ್ಕಳು ಈಗಲೂ ಬರುತ್ತಾರೆ, ಮೊದಲಿಗಿಂತ ಕಡಿಮೆ. ಮೆತ್ತಗಿನ ಮಿಂಕ್ ಬ್ಲಾಂಕೆಟ್, ಸೊಲ್ಲಾಪುರದ ಚಾದರ ಸುಲಭವಾಗಿ ಸಿಗುವಾಗ ಕೌದಿ ಹೊಲಿಸೋರು ಕಡಿಮೆ ಆಗಿದ್ದಾರೆ.

ಹೊಲಿಸಿದರೆ ಕೂಲಿಯನ್ನ ಮೇಲಿನ 18 ತಾಸಿನ ಲೆಕ್ಕ ನೆನಪಿಟ್ಟು ಮಾತಾಡಿ. ಅವರ ಕೈ ವೇಗ ಇದೆ ಅಂತ ಕೂಲಿ ಕಡಿಮೆ ಮಾಡೋದು ನ್ಯಾಯ ಅಲ್ಲ. ಆ ವೇಗ ಬರೋಕೆ ಹತ್ತು ಹದಿನೈದು ವರ್ಷ ಬೇಕಾಗಿರುತ್ತೆ. ಆನ್‌ಲೈನ್‌ನಲ್ಲಿ 'ಹ್ಯಾಂಡ್‌ಮೇಡ್ ಕ್ವಿಲ್ಟ್' ಅಂತ ಹುಡುಕಿ, ಅಲ್ಲಿನ ಬೆಲೆ ನೋಡಿ, ಆಮೇಲೆ ಚೌಕಾಸಿ ಮಾಡೋ ಮನಸ್ಸಿದ್ದರೆ ಮಾಡಿ. ಮಧ್ಯಾಹ್ನದ ಊಟ ಕೂಲಿಯ ಲೆಕ್ಕದಲ್ಲಿ ಹಿಡಿಯಬೇಡಿ.

ನಮ್ಮ ಮನೆಯ ಲೆಕ್ಕ ಹೇಳೋದಾದರೆ, 2020ರ ಅಕ್ಟೋಬರ್ 17ಕ್ಕೆ ಘಟಸ್ಥಾಪನೆ. ಅದರ ಹಿಂದಿನ ವಾರ ಆಯಿಯ ಕೌದಿ ಮೊದಲ ಸಲ ಕಾಲುವೆಗೆ ಹೋಯಿತು. ಒಣಗಿದ ಮೇಲೆ ಅವ್ವ ಅದನ್ನ ಮಡಚಿ, ನಮ್ಮ ಹಾಸಿಗೆಯ ಜೊತೆ ಇಡದೆ, ಬೇರೆ ಕಟ್ಟಿದಳು. ಬಸ್ ಓಡಾಡುತ್ತಿದ್ದವು. ಬಾಗೇವಾಡಿಗೆ ಹೋಗೋ ಬಸ್ಸಿನ ಟೈಮ್ ಕೇಳಿ ಬಾ ಅಂತ ನನ್ನನ್ನ ಸ್ಟ್ಯಾಂಡಿಗೆ ಕಳಿಸಿದಳು.